ಎಮ್ಮೆಯ ಜೊತೆ ಕಪ್ಪೆ ಈಜು

ಗುರು ಅಂದರೆ ಗಡ್ಡ ಇರಬೇಕು, ಮಾತು ಮೆಲ್ಲಗಿರಬೇಕು, ಮೈಮೇಲೆ ಕಾವಿ ಇರಬೇಕು ಅನ್ನುವವರು ಈ ಕಥೆಯನ್ನು ಇಲ್ಲಿಗೇ ಮಡಚಿಡಬಹುದು. ನಮ್ಮ ದುರುಗಪ್ಪನಿಗೆ ಮೂರೂ ಇರಲಿಲ್ಲ.

ಅವನು ಅಂಬಿಗ. ಸೇತುವೆ ಆಗುವ ತನಕ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಸೇತುವೆ ಆದ ಮೇಲೆ ಹರಿಗೋಲನ್ನು ದಂಡೆಯಲ್ಲಿ ಕವುಚಿ ಹಾಕಿ, ಅದರ ಮೇಲೆ ಕೂತು, ಸೇತುವೆಯನ್ನು ಬೈಯುತ್ತಿದ್ದ. ಊರಿನ ಮಕ್ಕಳಿಗೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದವನು ಅವನೇ.

ಆಶ್ರಮ ಬೇಕೇ ಬೇಕು ಅನ್ನುವವರಿಗೆ ಒಂದು ಗುಡಿಸಲು ಇತ್ತು. ಒಂದು ಬೇವಿನ ಮರ, ಹೆಂಡತಿ ಹನುಮವ್ವ, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಒಂದು ಎಮ್ಮೆ. ಎಮ್ಮೆಯ ಹೆಸರು ಚಂದ್ರಿ.

ಆ ಆಶ್ರಮದಲ್ಲಿ ನೇಮದಿಂದ ನಡೆಯುತ್ತಿದ್ದವಳು ಚಂದ್ರಿ ಒಬ್ಬಳೇ. ಬೆಳಿಗ್ಗೆ ಹಗ್ಗ ಬಿಚ್ಚಿದರೆ ತಾನಾಗಿ ಹೊಳೆಗಿಳಿದು, ಈಜಿಕೊಂಡು ನಡುಗಡ್ಡೆಗೆ ಹೋಗಿ ಮೇಯುವಳು. ಸಂಜೆ ತಾನಾಗಿ ಈಜಿ ವಾಪಸು ಬರುವಳು.

ಒಂದು ಬೆಳಿಗ್ಗೆ ಅಲ್ಲಿಗೆ ನೀಲಾಂಬಿಕೆ ಬಂದಳು. ಹೆಗಲಿಗೆ ಚೀಲ, ಚೀಲದ ಮೇಲೆ ದೇಶದ ಹೆಸರು, ಮುಖದಲ್ಲಿ ಮೂರು ದಿನದ ಅಳು.

ಇವಳು ಯಾರು ಅಂತ ಹೇಳಿಬಿಡುತ್ತೇನೆ. ಏಳು ವರ್ಷದವಳಿದ್ದಾಗ ದುರುಗಪ್ಪನ ಬುರುಡೆ ಕಟ್ಟಿಕೊಂಡು ಕಪ್ಪೆ ಈಜು ಕಲಿತವಳು. ಪೇಟೆಯವರು ಅದಕ್ಕೆ ಬ್ರೆಸ್ಟ್‌ಸ್ಟ್ರೋಕ್ ಅನ್ನುತ್ತಾರೆ. ಏನೇ ಅನ್ನಲಿ, ಕಾಲು ಒದೆಯುವುದು ಕಪ್ಪೆಯ ಹಾಗೇ. ಹದಿನಾರಕ್ಕೆ ದೇಶದ ತಂಡ ಸೇರಿ, ಹತ್ತು ವರ್ಷ ದೇಶ ದೇಶದ ಕೊಳಗಳಲ್ಲಿ ಈಜಿದಳು. ನಮ್ಮ ಪಂಚಾಯ್ತಿ ಕಟ್ಟೆಯ ಮೇಲೆ ಅವಳ ಫೋಟೋ ಇದೆ. ಬಿಸಿಲಿಗೆ ಮುಖ ಅಳಿಸಿಹೋಗಿದೆ, ಟೋಪಿ ಮಾತ್ರ ಕಾಣುತ್ತದೆ.

ಗುರು ಹರಿಗೋಲಿನ ಮೇಲಿಂದ ಇಳಿಯಲಿಲ್ಲ.

"ಯಾಕವ್ವ ನೀಲಾ, ಕೊಳದಾಗ ನೀರು ಖಾಲಿ ಆತೇನು?"

"ಅಜ್ಜ, ನನ್ನ ಕೈ ಕೆಟ್ಟಾವ."

"ತೋರಿಸು."

ತೋರಿಸಿದಳು. ಗುರು ತಿರುವಿ ತಿರುವಿ ನೋಡಿದ.

"ಹತ್ತೂ ಬೆರಳು ಅದಾವಲ್ಲ."

ಸಂಗತಿ ಏನೆಂದರೆ, ಕಪ್ಪೆ ಈಜಿಗೆ ಒಂದು ಕಾಯಿದೆ ಇದೆ. ಕೊನೆಗೆ ಗೋಡೆ ಮುಟ್ಟುವಾಗ ಎರಡೂ ಕೈ ಒಟ್ಟಿಗೆ ಮುಟ್ಟಬೇಕು. ಒಂದು ಕೈ ಕಣ್ಣು ಮಿಟುಕಿಸುವಷ್ಟು ಮುಂದಾದರೂ ದಡದಲ್ಲಿ ನಿಂತ ತೀರ್ಪುಗಾರರು ಕೈ ಎತ್ತುತ್ತಾರೆ. ಅಲ್ಲಿಗೆ ಈಜಿದ್ದೆಲ್ಲ ಸೊನ್ನೆ.

ನೀಲಾಳಿಗೆ ಎರಡು ವರ್ಷದಲ್ಲಿ ಮೂರು ಸಲ ಹೀಗಾಗಿತ್ತು. ಮೂರೂ ಹೊರದೇಶದಲ್ಲಿ, ಮೂರೂ ಫೈನಲ್ಲಿನಲ್ಲಿ. ಒಂದರಲ್ಲಂತೂ ಎರಡನೆಯವಳಾಗಿ ಮುಟ್ಟಿ, ಟೋಪಿ ಕಿತ್ತು, ಅವ್ವ ನೋಡುತ್ತಿರುತ್ತಾಳೆ ಅಂತ ಕ್ಯಾಮೆರಾಗೆ ಕೈ ಬೀಸಿದ್ದಳು. ಆಮೇಲೆ ತಿರುಗಿ ನೋಡಿದರೆ ಬೋರ್ಡಿನಲ್ಲಿ ಅವಳ ಹೆಸರೇ ಇರಲಿಲ್ಲ. ಬೀಸಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗಲಿಲ್ಲವಂತೆ, ಪಾಪ.

"ಇನ್ನು ಒಂದೇ ಕೂಟ ಐತಿ ಅಜ್ಜ, ಎರಡು ತಿಂಗಳಿಗೆ. ಅಲ್ಲೂ ಹಿಂಗಾದ್ರ ತಂಡದಿಂದ ತೆಗೀತೀವಿ ಅಂತ ಕಾಗದ ಕೊಟ್ಟಾರ. ನಂಗ ಇಪ್ಪತ್ತಾರು ಆತು. ಒಮ್ಮೆ ತೆಗೆದ್ರ ಮತ್ತ ಯಾರೂ ಕರೆಯಂಗಿಲ್ಲ. ನಂಗ ಈಜು ಬಿಟ್ರ ಏನೂ ಬರಂಗಿಲ್ಲ."

ಅಷ್ಟು ಹೇಳಿ ಮತ್ತೆ ಅಳುವುದಕ್ಕೆ ಶುರು ಮಾಡಿದಳು.

"ನಿಮ್ಮ ಕೋಚ್ ಏನಂತಾನ?"

"ವಿಡಿಯೊ ತೋರಿಸಿ, ಎರಡೂ ಕೈ ಒಟ್ಟಿಗೆ ಮುಟ್ಟು ಅಂತಾರ."

"ಸರಿಯಾಗೇ ಹೇಳ್ಯಾನ."

"ಅದು ನಂಗೂ ಗೊತ್ತೈತಿ ಅಜ್ಜ!"

"ಮತ್ತ ನನ್ನ ಹತ್ರ ಯಾಕ ಬಂದಿ?" ಗುರು ಹೊಳೆಯ ಕಡೆ ತಿರುಗಿ ಕೂತ. "ಬಂದದ್ದು ಬಂದೀ. ಎಮ್ಮಿ ತೊಳಿ."

ಶಿಷ್ಯರಿಗೆ ಒಂದು ರೋಗ ಇರುತ್ತದೆ. ಗುರು ಕೆಮ್ಮಿದರೂ ಅದರೊಳಗೆ ಅರ್ಥ ಹುಡುಕುತ್ತಾರೆ. ನೀಲಾ ಮೂರು ದಿನ ಚಂದ್ರಿಯನ್ನು ತೊಳೆದಳು. ಕಿವಿಯ ಹಿಂದೆ ತೊಳೆದಳು, ಗೊರಸಿನ ಸಂದಿ ತೊಳೆದಳು. ಎರಡೂ ಕೈಯಲ್ಲಿ ತೆಂಗಿನ ನಾರು ಹಿಡಿದು, ಎಡಕ್ಕೂ ಬಲಕ್ಕೂ ಒಂದೇ ಸಮ ಉಜ್ಜಿದಳು. ಕೈ ಕೂಡಿಸುವ ಗುಟ್ಟು ಇದರಲ್ಲೇ ಇದೆ ಅಂತ ಅವಳಿಗೆ ಖಾತ್ರಿಯಾಗಿತ್ತು. ಚಂದ್ರಿ ಹುಟ್ಟಿದ ಮೇಲೆ ಅಷ್ಟು ಚೊಕ್ಕಟವಾಗಿ ಇದ್ದದ್ದು ಆ ಮೂರು ದಿನವೇ.

ನಾಲ್ಕನೇ ದಿನ ಕೇಳಿದಳು.

"ಅಜ್ಜ, ಇದರಿಂದ ನಾನು ಏನು ಕಲೀಬೇಕು?"

"ಎಮ್ಮಿ ತೊಳೆಯೋದು."

"ಅಷ್ಟೇನಾ?"

"ಹನುಮವ್ವಗ ಮೊಣಕಾಲು ನೋವು. ನಾ ತೊಳೆಯಾಕ ಹೋದ್ರ ಅದು ಒದೀತೈತಿ."

"ಬೈಕೋತ ತೊಳದ್ರ ಒದೀಲಾರದ ಏನು ಮಾಡ್ತೈತಿ?" ಅಂದಳು ಒಳಗಿನಿಂದ ಹನುಮವ್ವ.

ನೀಲಾ ನಾರು ಎಸೆದಳು. "ಇದ್ದ ಎರಡು ತಿಂಗಳಾಗ ನಾಕು ದಿನ ಎಮ್ಮಿ ಕಾಲಾಗ ಹೋದ್ವು! ನನ್ನ ಬಾಳು ಹೊಂಟೈತಿ, ನಿಮಗ ಚೇಷ್ಟೆ!"

"ಅಳು ನಿಂತು ಸಿಟ್ಟು ಬಂತು. ಛಲೋ ಆತು. ಈಗ ಈಜು."

ನಡುಗಡ್ಡೆಯ ಅಂಚಿನಲ್ಲಿ ಒಂದು ನೆಟ್ಟನೆಯ ಬಂಡೆ ಇದೆ, ಅರ್ಧ ನೀರೊಳಗೆ, ಅರ್ಧ ಮೇಲೆ. ಗುರು ಎಷ್ಟೋ ವರ್ಷದ ಮೇಲೆ ಹರಿಗೋಲನ್ನು ಮಗುಚಿ ನೀರಿಗೆ ಬಿಟ್ಟ. ಹೋಗಿ, ಬಂಡೆಗೆ ನೀರಿನ ಮಟ್ಟದ ಮೇಲೆ ಹಸಿ ಕೆಮ್ಮಣ್ಣು ಮೆತ್ತಿ ಬಂದ.

"ಅದು ನಿನ್ನ ಗೋಡಿ. ಹೆಂಗ ಮುಟ್ಟಿದಿ ಅಂತ ಮಣ್ಣು ಹೇಳ್ತೈತಿ. ನಿಮ್ಮ ತೀರ್ಪುಗಾರರಂಗ ಕೈ ಎತ್ತಂಗಿಲ್ಲ ಅದು."

"ಒಬ್ಬಾಕಿನೇ ಈಜಲೇನು?"

"ಒಬ್ಬಾಕಿ ಯಾಕ? ಜೋಡಿ ಐತಿ." ಗುರು ಹೋಗಿ ಚಂದ್ರಿಯ ಹಗ್ಗ ಬಿಚ್ಚಿದ.

"ಎಮ್ಮಿ ಜೋಡಿನಾ? ಅಜ್ಜ, ನಾನು ಏಷ್ಯಾದ ಫೈನಲ್ ಈಜಿದಾಕಿ!"

"ಅದೂ ಎಂಟು ವರ್ಷದಿಂದ ಈಜ್ತೈತಿ. ಒಂದು ದಿನಾನೂ ಕಾಗದ ಬಂದಿಲ್ಲ ಅದಕ್ಕ."

ಇಬ್ಬರೂ ನೀರಿಗಿಳಿದರು.

ನೀಲಾ ನಾಲ್ಕೇ ಎಳೆತಕ್ಕೆ ಮುಂದೆ ಹೋದಳು. ಹೋಗದೆ ಏನು, ಎದುರಿಗಿರುವುದು ಎಮ್ಮೆ. ಆದರೆ ನಡುಹೊಳೆ ದಾಟುವಾಗ ಹಿಂದಿನಿಂದ ಪುಸ್ ಪುಸ್ ಅಂತ ಉಸಿರು ಕೇಳಿತು. ಎಷ್ಟು ಹತ್ತಿರ ಬಂತು ಅಂತ ಒಂದು ಸಲ ಓರೆಗಣ್ಣಿನಲ್ಲಿ ನೋಡಿದಳು. ಇನ್ನೊಂದು ಸಲ ನೋಡಿದಳು. ನೋಡಿದಾಗಲೆಲ್ಲ ಎಡ ಭುಜ ಬಗ್ಗಿತು, ಬಗ್ಗಿದಾಗಲೆಲ್ಲ ಸೆಳವು ಅವಳನ್ನು ಒಂದಿಷ್ಟು ಪಕ್ಕಕ್ಕೆ ಒಯ್ದಿತು.

ಬಂಡೆ ತಪ್ಪಿತು. ನಡುಗಡ್ಡೆಯೇ ತಪ್ಪಿತು. ಅವಳು ಹೋಗಿ ದಡ ಸೇರಿದ್ದು ಎರಡು ಫರ್ಲಾಂಗು ಕೆಳಗೆ, ಹೆಂಗಸರು ಬಟ್ಟೆ ಒಗೆಯುವ ಜಾಗದಲ್ಲಿ.

"ಅಯ್ಯ, ಕಟ್ಟಿ ಮ್ಯಾಲಿನ ಫೋಟೋದ ಹುಡುಗಿ ಅಲ್ಲೇನು ಇದು?" ಅಂದಳು ಒಬ್ಬಳು. "ಎಲ್ಲಿಗೆ ಹೊಂಟಿಯವ್ವ, ಹಿಂಗ ಹೊಳ್ಯಾಗ?"

ನೀಲಾ ತೊಯ್ದ ಬಟ್ಟೆಯಲ್ಲಿ ಊರ ಮುಂದಿನಿಂದ ನಡೆದುಕೊಂಡು ಬಂದಳು. ಚಂದ್ರಿ ನಡುಗಡ್ಡೆಯಲ್ಲಿ ಬಾಲ ಆಡಿಸುತ್ತಾ ಮೇಯುತ್ತಿದ್ದಳು.

"ಎಮ್ಮಿ ಗೆದ್ದೈತಿ ಅಂತ ಪೇಪರ್‌ನ್ಯಾಗ ಹಾಕಸ್ರಿ," ಅಂದಳು ಹನುಮವ್ವ.

ಮರುದಿನ ಬಂಡೆ ಸಿಕ್ಕಿತು. ಆದರೆ ಕೆಮ್ಮಣ್ಣಿನಲ್ಲಿ ಬಲಗೈ ಗುರುತು ಮೇಲೆ, ಎಡಗೈ ಗುರುತು ಒಂದು ಗೇಣು ಕೆಳಗೆ. ಬಗ್ಗಿದ ಭುಜದ ಕೈ ತಡವಾಗಿ ಮುಟ್ಟಿತ್ತು.

"ನಿನ್ನ ಕೈ ಎರಡೂ ಮಾತು ಬಿಟ್ಟಾವ," ಅಂದ ಗುರು.

ಅದರ ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಹತ್ತು ದಿನ ಗುರು ಮಣ್ಣು ಮೆತ್ತಿದ್ದೇ ಬಂತು. ಹನ್ನೊಂದನೇ ದಿನ ನೀಲಾ ಹೋಗಿ ಚಂದ್ರಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏನು ಮಾಡಾಕತ್ತೀ?" ಅಂತ ಕೇಳಿದ ಗುರು.

"ಇದು ಹೆಂಗ ನೆಟ್ಟಗ ಹೋಗ್ತೈತಿ ಅಂತ ನೋಡಾಕತ್ತೀನಿ. ಅಜ್ಜ, ಇದಕ್ಕ ನೀವು ಏನು ಹೇಳಿಕೊಟ್ಟೀರಿ?"

"ಏನೂ ಇಲ್ಲ. ಈಜುವಾಗ ಅದು ಒಂದು ಸಲನಾರ ನಿನ್ನ ಕಡೆ ನೋಡೈತೇನು?"

ನೀಲಾ ನೆನಪು ಮಾಡಿಕೊಂಡಳು. "ಇಲ್ಲ."

"ನೀನು?"

"ಎಳೆತಕ್ಕೊಮ್ಮೆ ನೋಡ್ತೀನಿ."

"ಅದಕ್ಕ ನಡುಗಡ್ಡಿ ಹುಲ್ಲು ಬೇಕು. ನಿಂಗ ಏನು ಬೇಕು?"

"ಅದಕ್ಕಿಂತ ಮುಂದ ಇರಬೇಕು."

"ಎಮ್ಮಿಗಿಂತ ಮುಂದ ಇದ್ದಾಕಿ ಎಲ್ಲಿಗೆ ಹೋಗಿ ಮುಟ್ಟಿದಿ?"

ಬಟ್ಟೆ ಒಗೆಯುವ ಜಾಗ ನೆನಪಾಯಿತು. ನೀಲಾ ನೆಲ ಕೆರೆಯುತ್ತಾ, ಹತ್ತು ವರ್ಷ ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದಳು.

"ಹದಿನಾರಕ್ಕ ಮೊದಲ ಸಲ ಹೊರದೇಶಕ್ಕ ಹೋಗಿದ್ನಲ್ಲ ಅಜ್ಜ, ಆವಾಗ ನಾನು ಎಲ್ಲಾರಿಗಿಂತ ಕೊನೆ. ಒಂದಿಷ್ಟು ಕೊನೆ ಅಲ್ಲ. ನಾ ಮುಟ್ಟೋದರಾಗ ಉಳಿದ ಏಳು ಮಂದಿನೂ ಮ್ಯಾಲ ಹತ್ತಿ ಮೈ ಒರೆಸ್ಕೊಳ್ಳಾಕತ್ತಿದ್ರು. ಇಡೀ ಕೊಳದಾಗ ನಾನೊಬ್ಬಾಕಿ. ಜನ ಎದ್ದು ನಿಂತು ಚಪ್ಪಾಳಿ ಹೊಡದ್ರು. ಪಾಪ, ಮುಗಿಸಲಿ ಅಂತ. ಆ ಚಪ್ಪಾಳಿ ಇನ್ನೂ ಕಿವ್ಯಾಗ ಐತಿ. ಅವತ್ತಿಂದ ನೋಡ್ತೀನಿ. ಒಬ್ರಾದ್ರೂ ನನ್ನ ಹಿಂದ ಅದಾರೋ ಇಲ್ಲೋ ಅಂತ."

ಹನುಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗುರು ಮೂಗು ಉಜ್ಜಿಕೊಂಡ. ನಮ್ಮ ದುರುಗಪ್ಪನಿಗೆ ಕರುಳು ಚುರುಕ್ ಅಂದಾಗಲೆಲ್ಲ ಮೂಗು ತುರಿಸುತ್ತದೆ, ಇದು ಊರಿಗೇ ಗೊತ್ತು.

"ಅವತ್ತು ಗೋಡಿ ಇತ್ತೇನು?"

"ಇತ್ತು."

"ಎರಡೂ ಕೈ ಮುಟ್ಟಿದ್ದೇನು?"

"ಮುಟ್ಟಿದ್ದೆ."

"ಒಟ್ಟಿಗೆ?"

"ಒಟ್ಟಿಗೆ. ನೋಡಾಕ ಪಕ್ಕದಾಗ ಯಾರು ಉಳಿದಿದ್ರು ಅಜ್ಜ?"

"ಹಂಗಾದ್ರ ನೀನು ಛಂದ ಈಜಿದ್ದು ಅವತ್ತೇ," ಅಂದು ಗುರು ಎದ್ದು ಹೋಗಿ ಮಣ್ಣು ಕಲಸತೊಡಗಿದ.

ಇಂಥ ಮಾತು ಕೇಳಿದ ಕೂಡಲೇ ಶಿಷ್ಯೆಗೆ ಜ್ಞಾನ ಆಯಿತು ಅಂತ ಬರೆಯುವವರು ಬರೆಯುತ್ತಾರೆ. ಸುಳ್ಳು. ನೀಲಾ ಮರುದಿನವೂ ನೋಡಿದಳು. ನೋಡಬಾರದು ಅಂತ ಕಣ್ಣು ಮುಚ್ಚಿಕೊಂಡು ಈಜಿದ ದಿನ ಹೋಗಿ ಚಂದ್ರಿಯ ಪಕ್ಕೆಗೇ ಗುದ್ದಿದಳು. ಚಂದ್ರಿ ಆ ಸಂಜೆ ಹಾಲು ಕೊಡಲಿಲ್ಲ. ಹನುಮವ್ವ ಶಿಷ್ಯೆಯನ್ನು ಬಿಟ್ಟು ಗುರುವನ್ನು ಬೈದಳು.

"ಕಣ್ಣು ಮುಚ್ಚಿದ್ರೂ ನಿನ್ನ ತಲ್ಯಾಗ ಎಮ್ಮಿನೇ ಐತಲ್ಲೇ ಮಾರಾಯ್ತಿ," ಅಂದ ಗುರು. "ಕಣ್ಣು ತೆಗಿ. ಬಂಡೆಗಲ್ಲು ನೋಡು. ಬಂಡಿ ನೋಡಾಕ ಯಾರ ಅಪ್ಪಣೆ ಬೇಕು?"

ನೀಲಾ ದಿನಾ ಈಜಿದಳು. ಕೆಮ್ಮಣ್ಣಿನಲ್ಲಿ ಎಡಗೈ ಗುರುತು ಗೇಣಿನಿಂದ ನಾಲ್ಕು ಬೆರಳಿಗೆ ಬಂತು, ನಾಲ್ಕರಿಂದ ಎರಡಕ್ಕೆ ಬಂತು, ಒಂದು ದಿನ ಮತ್ತೆ ಗೇಣಿಗೆ ಹೋಯಿತು. ಅವತ್ತು ಅವಳು ಊಟ ಮಾಡಲಿಲ್ಲ.

ಹೊರಡುವುದಕ್ಕೆ ಒಂದು ವಾರ ಇತ್ತು. ಹೊಳೆಯ ಮೇಲೆ ದಟ್ಟ ಮಂಜು ಬಿದ್ದಿತ್ತು. ಗುರು ಹರಿಗೋಲಿನಲ್ಲಿ ಮೊದಲೇ ಹೋಗಿ ಬಂಡೆಯ ಪಕ್ಕ ಕೂತಿದ್ದ. ನೀಲಾ ನೀರಿಗೆ ಬಿದ್ದಳು. ಮಂಜಿನೊಳಗೆ ಕೆಂಪಗೆ ಒಂದು ಚೂರು ಕಾಣುತ್ತಿತ್ತು. ಅದು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಅಷ್ಟೇ ಅವಳಿಗೆ ಗೊತ್ತು. ಎರಡೂ ಅಂಗೈ ಮಣ್ಣಿಗೆ ಅಪ್ಪಳಿಸಿದವು.

ಗುರು ಬಗ್ಗಿ ನೋಡಿದ. ಎರಡು ಗುರುತು, ಒಂದೇ ಮಟ್ಟ. ಬಾಗಿಲ ಮೇಲೆ ಹೆಂಗಸರು ಹಬ್ಬಕ್ಕೆ ಒತ್ತುವ ಕೈಗುರುತಿನ ಹಾಗೆ ಕೂತಿದ್ದವು.

ನೀಲಾ ಏದುಸಿರು ಬಿಡುತ್ತಾ ಸುತ್ತ ನೋಡಿದಳು. "ಚಂದ್ರಿ ಎಲ್ಲಿ ಅಜ್ಜ? ಇನ್ನೂ ಬಂದಿಲ್ಲೇನು?"

"ಮಂಜು ಐತಿ ಅಂತ ಹನುಮವ್ವ ಇವತ್ತು ಬಿಚ್ಚೇ ಇಲ್ಲ."

ನೀಲಾಳಿಗೆ ನಗು ಬಂತು. ಬಂಡೆ ಹಿಡಿದುಕೊಂಡು, ನೀರು ಕುಡಿದು, ಕೆಮ್ಮಿ, ಮತ್ತೆ ನಕ್ಕಳು. ಗುರು ನಗಲಿಲ್ಲ, ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಸೇತುವೆಯನ್ನು ಒಂದು ಸಲವೂ ಬೈಯಲಿಲ್ಲ.

ಹೊರಡುವ ದಿನ ನೀಲಾ ಕಾಲು ಮುಟ್ಟಿದಳು. "ಒಂದು ಮಾತು ಹೇಳ್ರಿ ಅಜ್ಜ. ಅಲ್ಲಿ ನೆನಸ್ಕೊಳ್ಳಾಕ."

"ಅಲ್ಲಿ ಅನ್ನ ಅರ್ಧ ಬೇಯಿಸಿರ್ತಾರಂತ. ನೋಡಿ ಉಣ್ಣು."

ಒಂದು ತಿಂಗಳು ಅವಳ ಸುದ್ದಿ ಇಲ್ಲ. ಪಂಚಾಯ್ತಿ ಕಟ್ಟೆಯವರು ಏನೇನೋ ಅಂದರು. ಗುರು ಯಾರನ್ನೂ ಏನೂ ಕೇಳಲಿಲ್ಲ. ಬಂಡೆಯ ಮಣ್ಣು ಒಣಗಿ ಉದುರಿದ್ದನ್ನು ನೋಡಿ, ಸುಮ್ಮನೆ ಒಂದು ದಿನ ಹೋಗಿ ಮತ್ತೆ ಮೆತ್ತಿ ಬಂದ. ಯಾಕೆ ಅಂತ ಹನುಮವ್ವ ಕೇಳಿದರೆ "ನಿಂಗ್ಯಾಕ?" ಅಂದ.

ಒಂದು ಬೆಳಿಗ್ಗೆ ನೀಲಾ ಬಂದಳು. ಅವಳ ಹಿಂದೆ ಇನ್ನೊಂದು ಹುಡುಗಿ. ಗುಡಿಸಲಿನ ಬಾಗಿಲಿಗಿಂತ ಎತ್ತರ, ಬಿಸಿಲಿಗೆ ಕೆಂಪಾದ ಮೂಗು, ಅತ್ತು ಅತ್ತು ಊದಿದ ಕಣ್ಣು. ಆ ಹುಡುಗಿ ಬೇವಿನ ಮರದ ಹತ್ತಿರವೇ ನಿಂತಳು.

ನೀಲಾ ಗುರುವಿನ ಮುಂದೆ ಪದಕ ಇಟ್ಟಳು. ಕಂಚು.

ಹನುಮವ್ವ ಅದನ್ನು ಎತ್ತಿ ತೂಗಿ ನೋಡಿದಳು. "ಎಮ್ಮಿಗೊಂದು ಕೊಡಲಿಲ್ಲೇನು?"

"ಗೋಡಿ ಮುಟ್ಟಿದೇನು?" ಅಂತ ಕೇಳಿದ ಗುರು.

"ಮುಟ್ಟಿದೆ ಅಜ್ಜ. ಎರಡೂ ಕೈ, ಒಟ್ಟಿಗೆ. ತಂಡದಾಗ ಇಟ್ಕೊಂಡಾರ."

"ಮೂರನೇದಾಕಿ ಆದೇನು?"

"ಅದೇ ಅಜ್ಜ ಫಜೀತಿ. ನಾ ಎಷ್ಟನೇದಾಕಿ ಅಂತ ನಂಗ ಗೊತ್ತೇ ಆಗಲಿಲ್ಲ. ಪಕ್ಕದಾಗ ಯಾರಿದ್ರು ಅಂತಾನೂ ಗೊತ್ತಿಲ್ಲ. ಮುಟ್ಟಿದ್ದು ನಾಲ್ಕನೇದಾಕಿ ಅಂತ. ಮೂರನೇದಾಕಿ ಕೈ ಹಿಂದ ಮುಂದ ಆಗಿ, ಅಕಿ ಹೆಸರು ತೆಗೆದು ನಂಗ ಕೊಟ್ರು."

"ಯಾಕ ಆತಂತ ಅಕಿಗೆ ಹಂಗ?"

ನೀಲಾ ಬೇವಿನ ಮರದ ಕಡೆ ಕಣ್ಣು ಮಾಡಿದಳು. "ನನ್ನ ಕಡೆ ನೋಡಿದ್ಲಂತ."

ಗುರು ಮೂಗು ಉಜ್ಜಿಕೊಂಡ.

"ಐಗೆರಿಮ್ ಅಂತ ಹೆಸರು. ಕಜಕಿಸ್ತಾನದಾಕಿ. ಹತ್ತೊಂಬತ್ತು ವರ್ಷ. ಬಟ್ಟಿ ಬದಲಿಸೋ ಕೋಣ್ಯಾಗ ಮೂಲ್ಯಾಗ ಕೂತು ಅಳಾಕತ್ತಿದ್ಲು. ಎರಡನೇ ಸಲ ಅಂತ ಅಕಿಗೆ. ಈ ಪದಕ ತಗೋ, ಇದು ನಿಂದೇ ಅಂದೆ. ಬ್ಯಾಡ ಅಂದ್ಲು. ನಿನ್ನ ಕೈ ಹೆಂಗ ಕೂಡಿದ್ವು ಹೇಳು, ಅಷ್ಟು ಸಾಕು ಅಂದ್ಲು. ನಾ ಏನು ಹೇಳಲಿ ಅಜ್ಜ? ಕೆಮ್ಮಣ್ಣು ಅಂದೆ, ಬಂಡೆಗಲ್ಲು ಅಂದೆ, ಎಮ್ಮಿ ಅಂದೆ. ನನ್ನ ಹರಕು ಇಂಗ್ಲಿಷಿನ್ಯಾಗ ಅಕಿಗೆ ಏನು ತಿಳೀತೋ, ಟಿಕೆಟ್ ತಗೊಂಡು ಬಂದೇ ಬಿಟ್ಲು."

ಹನುಮವ್ವ ಹುಡುಗಿಯ ಎತ್ತರವನ್ನು ಕಾಲಿಂದ ತಲೆಯವರೆಗೆ ಅಳೆದಳು. "ಅಯ್ಯ ಶಿವನೇ, ಇಕಿಗೆ ಎಷ್ಟು ರೊಟ್ಟಿ ಬೇಕೋ!" ಅನ್ನುತ್ತಾ ಒಳಗೆ ಹಿಟ್ಟು ನಾದುವುದಕ್ಕೆ ಹೋದಳು.

ಐಗೆರಿಮ್ ಒಂದು ಹೆಜ್ಜೆ ಮುಂದೆ ಬಂದಳು. ಇವನೇ ಗುರು ಇರಬೇಕು ಅಂತ ಗೊತ್ತಾಯಿತು ಅಂತ ಕಾಣುತ್ತದೆ, ನಮಸ್ಕಾರ ಮಾಡಿದಳು. ದಾರಿಯಲ್ಲಿ ನೀಲಾ ಕಲಿಸಿದ್ದಳು. ಆದರೆ ಗುರುವಿಗೆ ಕೈ ಮುಗಿಯುವಾಗಲೂ ಸರಿ ಮಾಡುತ್ತಿದ್ದೇನೋ ಇಲ್ಲವೋ ಅಂತ ಓರೆಗಣ್ಣಿನಲ್ಲಿ ನೀಲಾಳನ್ನೇ ನೋಡುತ್ತಿದ್ದಳು. ಎಡಗೈ ಒಂದು ಬೆರಳು ಕೆಳಗಿತ್ತು.

ಗುರು ಅದನ್ನು ಕಂಡ.

ನೀಲಾ ಗುರುವಿನ ಮುಖ ನೋಡಿದಳು. ಇಷ್ಟು ದೂರದಿಂದ ಬಂದವಳಿಗೆ ಇವನು ಈಗ ಏನಾದರೂ ಒಂದು ದೊಡ್ಡ ಮಾತು ಹೇಳುತ್ತಾನೆ, ಅದನ್ನು ಇಂಗ್ಲಿಷಿನಲ್ಲಿ ಹೆಂಗಪ್ಪ ಹೇಳುವುದು ಅಂತ ಕಾದಳು.

"ನನ್ನ ಮುಖ ಏನು ನೋಡ್ತೀ?" ಅಂದ ಗುರು. "ಹೋಗು, ಎಮ್ಮಿ ಬಿಚ್ಚು."